ಹಗ್ಗ ಬಿಚ್ಚದೆ ಕೊಟ್ಟ ಎಮ್ಮೆ

“ಹೆಸರು ಯಾರದೈತಿ ನೋಡ್ರಿ ಅಕ್ಕಾರ. ರೇಣು. ಅಂದಮ್ಯಾಲ ತುಂಬವರೂ ನೀವ,” ಎಂದು ಸುಭಾಸ ಫೋನಿನ ಬಿಲ್ಲನ್ನು ಅವಳತ್ತ ತಿರುಗಿಸಿದ. ಸವದತ್ತಿಯ ಆ ಮೊಬೈಲ್ ಕಚೇರಿಯಲ್ಲಿ ಕೌಂಟರಿನ ಹಿಂದೆ ಕುಳಿತವನು ಅವನೊಬ್ಬನೇ; ಅವನು ಹೇಳಿದ್ದೇ ಕಾಯಿದೆ.

“ಹೆಸರು ನಂದು ಖರೆ, ಮಾತಾಡಿದ ಬಾಯಿ ನಂದಲ್ಲ,” ಎಂದಳು ರೇಣು. “ನಾ ಒಂದ ರೂಪಾಯಿನೂ ಕೊಡಂಗಿಲ್ರಿ.”

ಮದುವೆಯಾದ ಹೊಸದರಲ್ಲಿ ಅವಳೂ ಗಂಡ ಯುವರಾಜನೂ ಹುರುಪಿನಿಂದ ಜೋಡಿ ಪ್ಲಾನು ತೆಗೆದುಕೊಂಡಿದ್ದರು. ಎರಡು ಸಿಮ್ಮು, ಒಂದೇ ಬಿಲ್ಲು. ಅಂಗನವಾಡಿಯ ಕೆಲಸವಿದ್ದದ್ದು ರೇಣುವಿಗಾದ್ದರಿಂದ ಕಾಗದವೆಲ್ಲ ಅವಳ ಹೆಸರಿಗಾಯಿತು. ಮುಂದೆ ಸಂಸಾರ ಹೊಂದದೆ, ಹಿರಿಯ ಜಟ್ಟೆಪ್ಪನ ಕಟ್ಟೆಯ ಮೇಲೆ ಸೋಡಚೀಟಿ ಬರೆದು ಇಬ್ಬರೂ ಬೇರೆಯಾದರು. ಅಂದು ಹಿರಿಯರು ಹಂಡೆ ಕೊಡ ಹಂಚಿದರು, ಹಾಸಿಗೆ ಹಂಚಿದರು, ಅವನ ಫೋನು ಅವನ ಕೈಗೆ, ಇವಳದು ಇವಳ ಕೈಗೆ ಕೊಟ್ಟು, ಚಹಾ ಕುಡಿದು ಎದ್ದುಹೋದರು. ಫೋನಿನ ಹಿಂದೆ ಒಂದು ಹೆಸರೂ ಇರುತ್ತದೆಂಬುದು ಅಷ್ಟು ಬಿಳಿ ಮೀಸೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ರೇಣು ತನ್ನ ಸಿಮ್ಮನ್ನು ಬಂದ್ ಮಾಡಿಸಿ ಬೇರೆ ಸಿಮ್ಮು ಕೊಂಡಳು. ಯುವರಾಜ ತನ್ನದರಲ್ಲಿ ಮಾತಾಡಿದ್ದೇ ಮಾತಾಡಿದ್ದು.

ಒಮ್ಮೆ ಅವನು ಬಿಲ್ಲು ತುಂಬದೆ ಬಿಟ್ಟಾಗ ವಸೂಲಿಯವನು ಅಂಗನವಾಡಿಗೇ ಬಂದು, ಮಕ್ಕಳನ್ನು ಬಿಡಲು ಬಂದ ತಾಯಂದಿರ ಎದುರು ಕೂಗಾಡಿ ಹೋದ. ರೇಣುವಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಮರ್ಯಾದೆಗೆ ಅಂಜಿ ತುಂಬಿದಳು. ಮರು ತಿಂಗಳೂ ತುಂಬಿದಳು. ಯುವರಾಜನಿಗೆ ಹೇಳೋಣವೆಂದರೆ ಅವನು ಫೋನೇ ಎತ್ತುತ್ತಿರಲಿಲ್ಲ. ಎತ್ತಿದ ಒಂದು ದಿನ, “ಬಿಲ್ಲು ನಿನ್ನ ಹೆಸರಿಗಿ ಬರತೈತಿ, ನನ್ನ ಯಾಕ ಕೇಳತಿ?” ಎಂದು ನಕ್ಕಿದ್ದ. ಈ ಸಲದ ಬಿಲ್ಲು ತಿಂಗಳ ಪಗಾರವನ್ನೇ ನುಂಗುವಂತಿತ್ತು. ಇವತ್ತು ಏನಾದರೂ ಆಗಲಿ, ಈ ಋಣ ಹರಿದುಕೊಂಡೇ ಮನೆಗೆ ಹೋಗುವುದೆಂದು ತಾಯಿ ಮರೆವ್ವನನ್ನೂ ಕರೆದುಕೊಂಡು ಬಂದಿದ್ದಳು.

ಬೆಂಚಿನ ಮೇಲಿದ್ದ ಮರೆವ್ವನಿಗೆ ತಡೆಯಲಾಗಲಿಲ್ಲ. “ಸಂತ್ಯಾಗ ಎಮ್ಮಿ ಮಾರಿದ್ರ ಹಗ್ಗ ಬಿಚ್ಚಕೊಂಡ ಬರತೇವ್ರಿ ಸಾಹೇಬ್ರ. ನನ್ನ ಮಗಳು ಹಗ್ಗ ಬಿಚ್ಚದ ಎಮ್ಮಿ ಕೊಟ್ಟಾಳ. ಅದು ಯಾರ ಹೊಲಾ ಮೇದ್ರೂ ದಂಡ ಈಕಿಗಿ!”

ಸುಭಾಸನಿಗೂ ನಗು ಬಂತು. “ಅವರು ಬಂದು ಸಹಿ ಮಾಡಿದ್ರ ನಂಬರ ಅವರ ಹೆಸರಿಗಿ ಮಾಡತೇನ್ರಿ.”

“ಅವ ಬರಂಗಿಲ್ರಿ.”

“ಹಂಗಾರ ನಾ ಏನ ಮಾಡ್ಲಿ? ಆ ನಂಬರಿಗಿ ಮಾಲಕರು ನೀವ. ಬಂದ್ ಮಾಡ ಅನ್ನವರೂ ನೀವ, ಚಾಲೂ ಮಾಡ ಅನ್ನವರೂ ನೀವ. ಅವರ ಮಾತು ಇಲ್ಲಿ ನಡ್ಯಂಗಿಲ್ಲ.”

ಬಿಲ್ಲು ಮಡಚುತ್ತಿದ್ದ ರೇಣುವಿನ ಕೈ ನಿಂತಿತು. ಯುವರಾಜ ಬಾಡಿಗೆಗೆ ಓಡಿಸುತ್ತಿದ್ದ ಟೆಂಪೋದ ಹಿಂಭಾಗ ಕಣ್ಣ ಮುಂದೆ ಬಂತು. ಅಲ್ಲಿ ಹಳದಿ ಬಣ್ಣದಲ್ಲಿ, ‘ಗುಡ್ಡದ ಬಾಡಿಗೆಗೆ ಭೇಟಿಯಾಗಿರಿ’ ಎಂಬುದರ ಕೆಳಗೆ, ಗೇಣುದ್ದದ ಅಕ್ಷರದಲ್ಲಿ ಇದೇ ನಂಬರು. ಬನದ ಹುಣ್ಣಿಮೆ ಅದೇ ವಾರದಲ್ಲಿತ್ತು. ಎಲ್ಲಮ್ಮನ ಗುಡ್ಡಕ್ಕೆ ಬರುವ ಮಂದಿ ಊರೂರಿಂದ ಫೋನು ಮಾಡಿಯೇ ಟೆಂಪೋ ಹೇಳುತ್ತಿದ್ದರು. ಅವನ ವರ್ಷದ ದುಡಿಮೆಯೆಲ್ಲ ಈ ದಿನಗಳ ಮೇಲೆ ನಿಂತಿತ್ತು.

“ಬಂದ್ ಮಾಡ್ರಿ,” ಎಂದಳು. “ಸದ್ಯಕ್ಕಷ್ಟ. ಮತ್ತ ಚಾಲೂ ಮಾಡಾಕ ನನ್ನ ಸಹಿನ ಬೇಕಲ್ರಿ?”

“ನಿಮ್ಮದ ಬೇಕು. ಬಾಕಿನೂ ತುಂಬಿರಬೇಕು. ಆದ್ರ ಅಕ್ಕಾರ, ಹುಣ್ಣಿಮಿ ದಂಧೆ ಐತಿ, ಪಾಪ...”

“ಪಾಪ ಅನ್ನೂದನ್ನ ನಿಮ್ಮ ವಸೂಲಿಯವ ನಮ್ಮಲ್ಲಿಗೆ ಬಂದ ದಿನಾ ಅನ್ನಬೇಕಿತ್ರಿ,” ಎಂದಳು ಮರೆವ್ವ.

ಸುಭಾಸ ಅರ್ಜಿ ಬರೆಸಿಕೊಂಡು ನಂಬರು ಬಂದ್ ಮಾಡಿದ. ಮರೆವ್ವ ಹೊರಡಲು ಎದ್ದರೆ ರೇಣು, “ಕುಂದ್ರ ಬೇ, ಬರತಾನ,” ಎಂದು ಸೆರಗು ಹಿಡಿದು ಕೂಡಿಸಿದಳು. ತಾಯಿ ಮಗಳು ಕಚೇರಿಯ ಬೆಂಚಿನ ಮೇಲೆಯೇ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಕೈ ತೊಳೆದು ಬಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಯುವರಾಜ ಬೆವರು ಸುರಿಸುತ್ತ ಒಳಗೆ ನುಗ್ಗಿದ.

“ಏನ್ರಿ ಇದು! ಮಂದಿ ಬಾಡಿಗಿಗೆ ಫೋನ್ ಹಚ್ಚಿದ್ರ ಹತ್ತವಲ್ದು! ಹುಣ್ಣಿಮ್ಯಾಗ ನನ್ನ ಹೊಟ್ಟಿ ಮ್ಯಾಲ ಹೊಡಿತೀರೇನು?”

“ನಂಬರಿನ ಮಾಲಕರು ಅಲ್ಲಿ ಕುಂತಾರ, ಅವರನ್ನ ಕೇಳ್ರಿ,” ಎಂದು ಸುಭಾಸ ಬೆಂಚಿನತ್ತ ಕೈ ತೋರಿಸಿದ.

ಯುವರಾಜ ಮೊದಲು ಹಾರಾಡಿದ, ಆಮೇಲೆ ಗೋಗರೆದ. ರೇಣು ಅವನ ಮುಖವನ್ನೇ ನೋಡುತ್ತ, “ಈ ಬಾಕಿ ತುಂಬು. ಹಿಂದ ನಾ ತುಂಬಿದ್ದೂ ಇಲ್ಲೆ ಇಡು. ನಂಬರ ನಿನ್ನ ಹೆಸರಿಗಿ ಬರಕೋ. ಆಮ್ಯಾಲ ನನ್ನ ಸಹಿ,” ಎಂದಳು. ಅವನು ಮರೆವ್ವನ ಕಡೆ ನೋಡಿದ. ಅವಳು ಎಲೆಗೆ ಸುಣ್ಣ ಹಚ್ಚುವುದರಲ್ಲೇ ಇದ್ದಳು. ಕೊನೆಗೆ ಒಳಜೇಬಿಗೆ ಕೈ ಹಾಕಿದ. ಹಣ ಕೊಟ್ಟ, ಸಹಿ ಮಾಡಿದ. ರೇಣು ಎಲ್ಲರಿಗಿಂತ ಕೊನೆಗೆ ತನ್ನ ಸಹಿ ಹಾಕಿದಳು.

“ಒಂದ ಮಾತ ಹೇಳಿ ಕಳಿಸಿದ್ರ ನಾ ಬರತಿದ್ದಿಲ್ಲೇನು?” ಎಂದ ಯುವರಾಜ, ಮುಖ ಸಣ್ಣದು ಮಾಡಿಕೊಂಡು.

ರೇಣು ಪೆನ್ನನ್ನು ಕೌಂಟರಿನ ಮೇಲಿಟ್ಟಳು.

“ಕರದ್ನಿ, ಬರಲಿಲ್ಲ. ಹಗ್ಗ ಜಗ್ಗಿದ್ನಿ, ಬಂದಿ. ಈಗ ಬಿಚ್ಚೇನಿ, ಎಲ್ಲಿ ಬೇಕಾದಲ್ಲಿ ಮೇಯ್ಕೊಂಡ ಹೋಗು.”