ಕೆಂದಿಯ ಗಂಟಲಿನ ಚೂರು

“ಗಾಡಿ ಹತ್ತಿ ಅಮ್ಮ. ಮಾತು ಆಮೇಲೆ.”

ಪಶುವೈದ್ಯೆ ಆಶಾ ಜೀಪು ಆರಿಸದೆಯೇ ಅಂಗಳಕ್ಕೆ ಇಳಿದಿದ್ದಳು. ಚಿಕ್ಕಗೌರಮ್ಮ ತುರಿಮಣೆ ಬಿಟ್ಟು ಏಳಲಿಲ್ಲ. ಅವಳ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಭಾನುವಾರ ತುರಿಮಣೆ ಕೊಯ್ದ ಗಾಯ. ಸೋಮವಾರ ಅದೇ ಬೆರಳುಗಳಲ್ಲಿ ಅವಳು ತನ್ನ ಹಸು ಕೆಂದಿಯ ನಾಲಿಗೆ ಹಿಡಿದು ನಿಂತಿದ್ದಳು. ಮಂಗಳವಾರ ಬೆಳಿಗ್ಗೆ ಕೆಂದಿ ಸತ್ತಿತು. ಇವತ್ತು ಗುರುವಾರ.

“ಬೆಂಗಳೂರಿನ ಲ್ಯಾಬಿಂದ ಈಗ ಫೋನ್ ಬಂತು. ನಿಮ್ಮ ಹಸುಗೆ ಇದ್ದದ್ದು ರೇಬಿಸ್. ಹುಚ್ಚುನಾಯಿ ರೋಗ.”

“ಹಂಗಾದ್ರೆ ಅದೇನು ಮತ್ತೆ?” ಚಿಕ್ಕಗೌರಮ್ಮನ ಗಂಡ ಶಿವಣ್ಣ ಗೋಡೆಯ ಗೂಡಿನತ್ತ ಕೈ ತೋರಿಸಿದ.

ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಹೆಬ್ಬೆರಳಿನಷ್ಟು ಅಗಲದ ಒಂದು ಕೊಬ್ಬರಿ ಚೂರು. ಸಾಕ್ಷಿಗೆ ಇರಲಿ ಎಂದು ಇಟ್ಟುಕೊಂಡಿದ್ದರು.

ಸೋಮವಾರ ಕೆಂದಿ ಮೇವು ಬಿಟ್ಟಿತ್ತು. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಕುಡಿಯಲು ಹೋದರೆ ನೀರು ಒಳಗೆ ಇಳಿಯುತ್ತಿರಲಿಲ್ಲ. ಕೆಂಕೆರೆಯ ಸುತ್ತ ಇಂಥದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದನ ಜೊಲ್ಲು ಸುರಿಸಿತೋ, ಗಂಟಲಿಗೆ ಕಾಯಿ ಸಿಕ್ಕಿದೆ, ದುರ್ಗಯ್ಯನನ್ನು ಕರೆಸು. ದುರ್ಗಯ್ಯ ಬಂದ. ಕೈಗೆ ಹರಳೆಣ್ಣೆ ಸವರಿಕೊಂಡ. ಮೊಣಕೈವರೆಗೆ ತೂರಿಸಿ, ತಿರುವಿ, ಚೂರು ಹೊರತೆಗೆದು ತಲೆಯ ಮೇಲೆತ್ತಿ ಹಿಡಿದ. ನೋಡಿದವರು ಇಪ್ಪತ್ತು ಜನ.

ಆ ದುರ್ಗಯ್ಯ ಈಗ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವನು ದನದ ಗಂಟಲಿಗೆ ಕೈ ಹಾಕುವುದಷ್ಟೇ ಅಲ್ಲ, ಯಾರ ಗಂಟಲಿನಲ್ಲಿ ಬೇಕಾದರೂ ಮಾತಾಡಬಲ್ಲ.

“ಗಾಡಿ ಹತ್ತಿ ಅಮ್ಮ, ಮಾತು ಆಮೇಲೆ,” ಎಂದ, ಥೇಟ್ ಆಶಾಳ ದನಿಯಲ್ಲಿ. ಶಿವಣ್ಣ ಗೊಳ್ಳೆಂದು ನಕ್ಕ. ದುರ್ಗಯ್ಯ ಎಡತೋಳು ನೀವಿಕೊಂಡ. “ಮೂವತ್ತು ವರ್ಷ ಆಯ್ತು ಡಾಕ್ಟ್ರಮ್ಮ. ಕೈ ಹಾಕಿದ ಮೇಲೆ ಬರಿಗೈಲಿ ತೆಗೆದೋನಲ್ಲ ನಾನು. ಹನ್ನೊಂದೂವರೆ ಬಸ್ಸು ಹೋಯ್ತೇನ್ಲಾ ಶಿವಣ್ಣ?”

“ಇನ್ನೂ ಇಲ್ಲ. ಮತ್ತೆ ಚಿಕ್ಕನಾಯಕನಹಳ್ಳೀಗಾ? ಸೋಮವಾರ ಸಂಜೇನೂ ಓಡಿದ್ಯಲ್ಲ?”

“ಮಗಳ ಮನೇಲಿ ಕೆಲ್ಸ ಐತೆ ಕಣಪ್ಪ.”

ಆಶಾ ಗೂಡಿನಿಂದ ಚೂರು ತೆಗೆದು ಬೆಳಕಿಗೆ ಹಿಡಿದಳು. “ಒಂದು ಹಲ್ಲಿನ ಗುರುತೂ ಇಲ್ವಲ್ಲ.”

“ಅದು ಅಗೀಲಿಲ್ಲ ಕಣಮ್ಮ, ನುಂಗ್ತು. ಅದ್ಕೇ ಸಿಕ್ಕೊಂಡಿದ್ದು.”

“ನಮ್ಮನೇಲಿ ಕೊಬ್ಬರಿ ಎಲ್ಲಿತ್ತು ಅಂತ್ಲೇ ನಂಗೆ ತಿಳೀದು,” ಎಂದ ಶಿವಣ್ಣ. “ಅಟ್ಟ ಖಾಲಿ ಮಾಡಿ ತಿಂಗಳಾಯ್ತು. ಪಕ್ಕದೋರ ಹಿತ್ಲಿಗೆ ನುಗ್ಗಿರಬೇಕು. ಅದಿರ್ಲಿ, ಲ್ಯಾಬಲ್ಲಿ ಏನೋ ನಕಲು ಗಿಕಲು ಮಾಡ್ತಾರಂತಲ್ಲ. ಕಣ್ಣಾರೆ ಕಂಡ ಚೂರು ಬುಟ್ಟು ನಕಲು ನಂಬೋಣ್ವಾ?”

ಆಶಾ ಚಿಕ್ಕಗೌರಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು.

“ಕೇಳಿ ಅಮ್ಮ. ಈ ವೈರಸ್ಸಿನ ಬರಹ ಇರೋದು ಆರ್‌ಎನ್‌ಎ ಅನ್ನೋದರಲ್ಲಿ. ಬಲು ನಾಜೂಕು, ಬೇಗ ಅಳಿಸಿಹೋಗುತ್ತೆ. ಅದಕ್ಕೇ ಮೊದಲು ಅದನ್ನ ನೋಡ್ಕೊಂಡು ಗಟ್ಟಿಯಾದ ಒಂದು ಪ್ರತಿ ತೆಗೀತಾರೆ. ಸಿಡಿಎನ್‌ಎ ಅಂತಾರೆ. ಆ ಒಂದನ್ನ ಕೋಟಿ ಮಾಡಿದ ಮೇಲೆ ಯಂತ್ರಕ್ಕೆ ಕಾಣುತ್ತೆ. ನಾನು ಕಳಿಸಿದ್ದು ಕೆಂದಿಯ ಮಿದುಳಿನ ಚೂರು. ಹೋಲಿಸಿ ನೋಡೋಕೆ ಲ್ಯಾಬಿನೋರು ಜೊತೆಗೆ ರೋಗ ಇಲ್ಲದ ದನದ್ದೂ ಒಂದು ಇಟ್ಟಿದ್ರು. ಅದರಲ್ಲಿ ಏನೂ ಬರಲಿಲ್ಲ, ಕೆಂದೀದರಲ್ಲಿ ಬಂತು. ಒಳಗೆ ಇಲ್ಲದ್ದನ್ನ ಹೊರಗೆ ತೆಗೆಯೋಕೆ ಆಗಲ್ಲ ಅಮ್ಮ.”

“ಅದ್ನೇ ಕಣ್ರೀ ನಾನೂ ಹೇಳೋದು!” ಶಿವಣ್ಣ ತೊಡೆ ತಟ್ಟಿದ. “ಒಳಗೆ ಇತ್ತು, ದುರ್ಗಣ್ಣ ತೆಗೆದ!”

ದುರ್ಗಯ್ಯ ಲೋಟದ ತಳ ನೋಡುತ್ತಿದ್ದ.

“ಇಂಜೆಕ್ಷನ್ ಹಾಕಿಸ್ಕೊಳ್ಳಿ ಅಂತ ಮಂಗಳವಾರವೇ ಬೇಡಿಕೊಂಡೆ,” ಎಂದಳು ಆಶಾ. “ಗಾಯದ ಬೆರಳಿಗೆ ಅದರ ಜೊಲ್ಲು ತಾಗಿದೆ. ನಿಮಗೆ ರೋಗ ಕಾಣಿಸ್ಕೊಂಡ ಮೇಲೆ ಯಾವ ಆಸ್ಪತ್ರೆಲೂ ಉಳಿಸೋಕಾಗಲ್ಲ. ಈಗ ಇಂಜೆಕ್ಷನ್ ಬಿದ್ರೆ ಉಳ್ಕೋತೀರಿ. ಮೂರು ದಿನ ಆಗಲೇ ಹೋಗಿದೆ.”

ಚಿಕ್ಕಗೌರಮ್ಮ ಕೊನೆಗೂ ಕಾಯಿಹೋಳು ಕೆಳಗಿಟ್ಟಳು.

“ನನ್ನ ಬೆಳ್ಳು ಹೋಗಿದ್ದು ನಾಲಿಗೇವರೆಗೆ. ದುರ್ಗಣ್ಣನ ಕೈ ಗಂಟಲೊಳಕ್ಕೇ ಹೋಗಿತ್ತು. ಅವನಿಗೆ ಬೇಡದ ಸೂಜಿ ನಂಗ್ಯಾಕೆ? ಏನು ದುರ್ಗಣ್ಣ, ನೀನು ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೋತೀನಿ. ಇಲ್ಲಾಂದ್ರೆ ಬುಡು, ಈ ಮಾತೇ ಬೇಡ.”

ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು. ದುರ್ಗಯ್ಯ ಎದ್ದ. ಒಂದು ಮೆಟ್ಟಿಲು ಇಳಿದ. ಬಟ್ಟೆ ಸುತ್ತಿದ ಆ ಎರಡು ಬೆರಳನ್ನು ನೋಡಿದ.

ಬಸ್ಸು ಬಂತು, ನಿಂತಿತು, ಹೋಯಿತು.

ಅವನು ಜೇಬಿಗೆ ಬಲಗೈ ಹಾಕಿ, ನಾಲ್ಕಾಗಿ ಮಡಿಸಿದ, ಚಿಕ್ಕನಾಯಕನಹಳ್ಳಿ ಆಸ್ಪತ್ರೆಯ ಚೀಟಿಯೊಂದನ್ನು ಎಳೆದು ಆಶಾಳಿಗೆ ಕೊಟ್ಟ. ಅವಳು ಬಿಚ್ಚಿ ಓದಿದಳು. ಮತ್ತೆ, ಎಲ್ಲರಿಗೂ ಕೇಳುವಂತೆ ಓದಿದಳು.

“ರೇಬಿಸ್ ಲಸಿಕೆ. ಮೊದಲನೇದು, ಸೋಮವಾರ ಸಂಜೆ. ಎರಡನೇದು, ಗುರುವಾರ.”

ಸೋಮವಾರ ಸಂಜೆ ಕೆಂದಿ ಇನ್ನೂ ಬದುಕಿತ್ತು. ರೇಬಿಸ್ ಎಂಬ ಮಾತನ್ನು ಆ ಅಂಗಳದಲ್ಲಿ ಯಾರೂ ಆಡಿರಲಿಲ್ಲ.

“ಗಾಡಿ ಹತ್ತು ಗೌರಕ್ಕ,” ಎಂದ ದುರ್ಗಯ್ಯ. ಅದು ಅವನದೇ ದನಿ.

ಚೀಟಿಯ ಜೊತೆ ಜೇಬಿನಿಂದ ಜಾರಿದ್ದು ಉರುಳುತ್ತ ಬಂದು ತುರಿಮಣೆಯ ಕಾಲಿಗೆ ತಾಗಿ ನಿಂತಿತು: ಇನ್ನೊಂದು ಕೊಬ್ಬರಿ ಚೂರು, ಹೆಬ್ಬೆರಳಿನಷ್ಟೇ ಅಗಲ.