ರೇಸಿಗೆ ಬಂದ ಜಂಟಿ ಕಾರ್ಯದರ್ಶಿ

ನೀರು ಕೇಳಿದವನು ತಂಜಾವೂರಿನವನೆಂದು ತಿಳಿದ ಕೂಡಲೇ ಯೋಗಾನರಸಿಂಹನ ಕೈ ಬಾಟಲಿಯ ಮುಚ್ಚಳದ ಮೇಲೇ ನಿಂತುಬಿಟ್ಟಿತು.

ಚೆನ್ನೈ ಹೊರಗಿನ ರೇಸ್ ಟ್ರ್ಯಾಕು. ನೆತ್ತಿ ಸುಡುವ ಬಿಸಿಲು. ಕೆಳಗೆ ಕಾರುಗಳು ಕಿವಿ ಕಿತ್ತುಹೋಗುವಂತೆ ಅರಚುತ್ತ ಸುತ್ತುತ್ತಿದ್ದವು. ನೀರು ಮಾರುವವರು ಗ್ಯಾಲರಿಯ ಬುಡದಲ್ಲಿದ್ದರು. ಎದ್ದು ಹೋದರೆ ಜಾಗ ಹೋದಂತೆಯೇ. ಪಕ್ಕದಲ್ಲಿ ಕೂತಿದ್ದ ಸೆಲ್ವಂ ಎಂಬ ದಪ್ಪ ಮೀಸೆಯವನು ಬೆಳಗಿನಿಂದ ಇವನ ಜೊತೆಗೇ ಹಳದಿ ಕಾರಿಗೆ ಶಿಳ್ಳೆ ಹೊಡೆದಿದ್ದ. ಶಿಳ್ಳೆಗೆ ಊರು ಕೇಳುವ ಅಗತ್ಯ ಬಿದ್ದಿರಲಿಲ್ಲ.

ಯೋಗಾನರಸಿಂಹ ಮಂಡ್ಯದ ಕಾವೇರಿ ಹೋರಾಟ ಸಮಿತಿಯೊಂದರ ಜಂಟಿ ಕಾರ್ಯದರ್ಶಿ. ತಮಿಳುನಾಡಿಗೆ ನೀರು ಬಿಡಬಾರದೆಂದು ಸಮಿತಿಯವರು ಅದೇ ಹೊತ್ತಿಗೆ ಮದ್ದೂರಿನಲ್ಲಿ ಹೆದ್ದಾರಿ ತಡೆದು ಕೂತಿದ್ದರು. ಇವನು ಮಾತ್ರ ಸೊಂಟ ಹಿಡಿದುಕೊಂಡಿದೆ, ಮಳವಳ್ಳಿಯ ಅತ್ತೆ ಮನೆಯಲ್ಲಿ ಮಲಗಿದ್ದೇನೆ ಎಂದು ಅಧ್ಯಕ್ಷ ಅಶೋಕನಿಗೆ ಫೋನಿನಲ್ಲೇ ನರಳಿ ತೋರಿಸಿ, ಮೆಕ್ಯಾನಿಕ್ ಗೌಸ್ ಪೀರ್‌ನ ಕಾರು ಹತ್ತಿದ್ದ. ಇಷ್ಟು ವರ್ಷ ಮೊಬೈಲಿನಲ್ಲಿ ನೋಡಿದ ರೇಸನ್ನು ಒಂದು ಸಲ ಕಣ್ಣಾರೆ ನೋಡದೆ ಸಾಯುವುದಿಲ್ಲವೆಂಬ ಹಟ ಅವನದು. ಸಿಕ್ಕಿಬಿದ್ದರೆ ಹುದ್ದೆಯಂತೂ ಹೋಗುತ್ತದೆ, ಮಂಡ್ಯದಲ್ಲಿ ತಲೆಯೆತ್ತಿ ತಿರುಗುವಂತೆಯೂ ಇಲ್ಲ.

"ಕೊಡಿ ಯೋಗಣ್ಣ, ಪಾಪ ಬಾಯಿ ಒಣಗೈತೆ ಅವ್ರಿಗೆ," ಎಂದ ಗೌಸ್ ಪೀರ್.

"ಎಂಗ್ ಕೊಡ್ಲಲಾ? ಮೊನ್ನೆ ಮೈಕ್ ಇಡ್ಕಂಡು ಒಂದ್ ತೊಟ್ಟೂ ಬುಡಾಕಿಲ್ಲ ಅಂದೋನು ನಾನೇಯ."

"ಅದು ಒಳೆ ನೀರ್ ವಿಸ್ಯ. ಇದು ಮದ್ದೂರ್ ಬಸ್‌ಸ್ಟ್ಯಾಂಡ್ನಾಗೆ ಕಾಸ್ ಕೊಟ್ ತಗಂಡಿದ್ದು."

ಸೆಲ್ವಂ ಮೀಸೆಯಡಿ ನಕ್ಕ. "ಸಾರ್, ನಿಮ್ಮದು ಯಾವೂರು?" ಎಂದು ಕನ್ನಡದಲ್ಲೇ ಕೇಳಿದ. ಯೋಗಾನರಸಿಂಹ ಮುಖ ಟ್ರ್ಯಾಕಿನತ್ತ ತಿರುಗಿಸಿ ಬೆಂಗಳೂರು ಎಂದ.

"ಬೆಂಗಳೂರಲ್ಲಿ ನಾಲ್ಕು ವರ್ಷ ಲೇತ್ ಮಿಷನ್ ಓಡಿಸಿದೀನಿ ಸಾರ್. ಅಲ್ಲಿ ಯಾರೂ ಬುಡಾಕಿಲ್ಲ ಅನ್ನಲ್ಲ. ಮಂಡ್ಯ ತಾನೇ? ಭಯ ಬೇಡ. ನಮ್ಮೂರಲ್ಲೂ ಇವತ್ತು ಧರಣಿ. ಬಿಡಲ್ಲ ಅಂತ ಅಲ್ಲಿ ನೀವು, ಬಿಡಬೇಕು ಅಂತ ಇಲ್ಲಿ ನಾವು. ನಾನು ಅಲ್ಲಿನ ಸಮಿತಿ ಖಜಾಂಚಿ. ಭೇದಿ ಅಂತ ಹೇಳಿ ಬಂದಿದೀನಿ."

ಯೋಗಾನರಸಿಂಹ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ, ಬಾಟಲಿಯನ್ನು ತಾನೇ ಮುಂದೆ ಚಾಚಿದ.

"ಅಳತೆ ಇಟ್ಟು ಕುಡೀರಿ ಸಾರ್," ಎಂದ ಗೌಸ್ ಪೀರ್, "ಆಮ್ಯಾಕೆ ಇಬ್ರೂ ಕೋರ್ಟು ಕಚೇರಿ ಅಂತ ಅಲೀಬೇಕಾಯ್ತದೆ."

ಸೆಲ್ವಂ ಬಾಟಲಿಯ ನಡುವಿಗೆ ಹೆಬ್ಬೆರಳಿಟ್ಟು, ತುಟಿಗೆ ತಾಗಿಸದೆ ಎತ್ತಿ ಕುಡಿದು, ಹೆಬ್ಬೆರಳಿಗೆ ಸರಿಯಾಗಿ ನಿಲ್ಲಿಸಿದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಗ್ಯಾಲರಿ ಗ್ಯಾಲರಿಯನ್ನೂ ತಡವುತ್ತಿದ್ದ ಕ್ಯಾಮೆರಾ ಆಗಲೇ ಇವರ ಕಡೆಗೆ ತಿರುಗಿತು. ಎದುರಿನ ದೊಡ್ಡ ಪರದೆಯ ತುಂಬ ಸೆಲ್ವಂನ ಮೀಸೆ, ಅವನ ಹೆಗಲ ಮೇಲೆ ಯೋಗಾನರಸಿಂಹನ ಕೈ, ನಡುವೆ ಬಾಟಲಿ. ಇಬ್ಬರೂ ಒಟ್ಟಿಗೇ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡರು.

ಪರದೆಯ ಮೇಲೆ ಚಿತ್ರ ಬದಲಾಗಿ, ಇವರ ಬೆನ್ನ ಹಿಂದಿನ ಅಟ್ಟಣಿಗೆಯ ಇನ್ನೊಂದು ಟೀವಿ ಕ್ಯಾಮೆರಾ ಮತ್ತೆ ಟ್ರ್ಯಾಕಿನ ಕಡೆ ನೋಡತೊಡಗಿತು. ಅಷ್ಟರಲ್ಲಿ ಯೋಗಾನರಸಿಂಹನ ಜೇಬು ನಡುಗಿತು. ಅಶೋಕ. ಎದ್ದು ನಿಂತು ಫೋನು ಕಿವಿಗಿಟ್ಟುಕೊಂಡ.

"ಅದ್ಯಕ್ಸರೇ, ಸೊಂಟ ವಸಿ ವಾಸಿ ಕಣ್ರೀ," ಎಂದ ಕ್ಷೀಣವಾಗಿ.

"ಎಲ್ಲಾ ನೋಡ್ದೆ ಕಣ್ಲಾ."

ಮಾತು ಮುಗಿಯಿತು, ಮರ್ಯಾದೆಯೂ ಮುಗಿಯಿತು ಎಂದುಕೊಂಡ ಯೋಗಾನರಸಿಂಹ. ಆದರೂ ಏನೋ ಸರಿ ಇಲ್ಲವೆನಿಸಿತು. ಫೋನಿನ ಆ ತುದಿಯಲ್ಲಿ ಘೋಷಣೆಯಿಲ್ಲ, ತಮಟೆಯಿಲ್ಲ, ಲಾರಿಗಳ ಹಾರನ್ನಿಲ್ಲ. ಹೆದ್ದಾರಿಯ ನಡುವೆ ಸಾವಿರ ಜನ ಕೂತ ಜಾಗದಿಂದ ಇಂಜಿನ್ನುಗಳ ಅರಚಾಟವೊಂದೇ ಕೇಳುತ್ತಿತ್ತು, ಇಲ್ಲಿಯದೇ.

"ಅಲ್ಲಾ, ನೀವು ಧರಣೀಲಿ ಕೂತಿದ್ದೋರು ಎಂಗ್ ನೋಡುದ್ರಿ?" ಎಂದ.



"ಕೊನೇ ಸುತ್ತು ಕಣ್ಲಾ, ಮೊದ್ಲು ಕುಂತ್ಕೊ. ನಿನ್ ತಲೆ ಅಡ್ಡ ಬಂದು ಇಲ್ಲಿ ಧರಣೀಲಿ ಯಾರ್ಗೂ ಟೀವೀಲಿ ಏನೂ ಕಾಣ್ತಿಲ್ಲ."