ಸೀಮೆಸುಣ್ಣದ ಗುರುತು

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೋಣೆಗಳ ನಡುವೆ ಗೋಡೆಯಾಗಿ ನಿಲ್ಲಿಸಬೇಕಾದ ನಲವತ್ತು ಪ್ಲೈವುಡ್ ಹಲಗೆಗಳು ಅಂಗಳದಲ್ಲಿ ಸಾಲಾಗಿ ಒರಗಿದ್ದವು. ಬೆಂಕಿ ತಡೆಯುವ ಬಣ್ಣ ಬಂದಿದ್ದು ಮಾತ್ರ ಒಂದೇ ಡಬ್ಬಿ.

“ಒಂದ ಹಲಗಿಗೆ ಮೂರು ಕೋಟ್ ಹೊಡಿ, ಹಿಂದ ಸೀಮೆಸುಣ್ಣದಿಂದ ಗುರುತು ಹಾಕು. ಉಳಿದದ್ದಕ್ಕೆಲ್ಲ ಬರೇ ಬಿಳಿ ಬಣ್ಣ ಸಾಕು,” ಎಂದು ಗುತ್ತಿಗೆದಾರ ಪೇಂಟರ್ ಮಾಬುಸಾಬನಿಗೆ ಹೇಳಿದ್ದ.

“ಒಳಗ ಅರವತ್ತು ಹುಡುಗ್ಯಾರು ಮಲಗ್ತಾರ್ರಿ, ಸಾವಕಾರ್ರ.”

“ಅವರೇನು ನಿನ್ನ ಮಕ್ಕಳೇನು? ಬಾಯಿ ಬಿಟ್ಟಿ ಅಂದ್ರ ಈ ಊರಾಗ ನಿನಗ ಕೆಲಸ ಇರಂಗಿಲ್ಲ.”

ಮಾಬುಸಾಬ ಹೇಳಿದಷ್ಟು ಮಾಡಿದ್ದ.

ಇವತ್ತು ಅಗ್ನಿಶಾಮಕ ಅಧಿಕಾರಿ ಗ್ಯಾಸ್ ಬರ್ನರ್ ಹಿಡಿದು ಬಂದಿದ್ದರು. “ಯಾವುದಾದ್ರೂ ಒಂದನ್ನ ಸುಟ್ಟು ನೋಡ್ತೀನಿ. ತಡಕೊಂಡರೆ ಸಹಿ ಹಾಕ್ತೀನಿ.” ಅವರ ಕೈ ಸಾಲಿನ ಮೊದಲ ಹಲಗೆಯತ್ತ ಹೋಯಿತು. ಮಾಬುಸಾಬ ಒಂದು ಹೆಜ್ಜೆ ಮುಂದೆ ಬಂದ.

“ಅಲ್ಲಿ ಬ್ಯಾಡ್ರಿ ಸಾಹೇಬ್ರ, ಬಿಸಲೈತಿ. ನೆರಳಿಗೆ ಬರ್ರಿ.” ಗುತ್ತಿಗೆದಾರ ಅವಸರದಲ್ಲಿ ಹಲಗೆಗಳ ಹಿಂದೆ ಇಣುಕಿ, ಗುರುತಿದ್ದದ್ದನ್ನು ತಾನೇ ಎತ್ತಿ ತಂದು ನಿಲ್ಲಿಸಿದ. “ಇದನ್ನ ಸುಡ್ರಿ. ಎಷ್ಟು ಹೊತ್ತಾದ್ರೂ ಸುಡ್ರಿ!”

ನಿಮಿಷ ಕಳೆಯುವುದರೊಳಗೆ ಬಣ್ಣ ಕರಕಲಾಗಿ, ಹಲಗೆ ಧಗ್ಗನೆ ಹೊತ್ತಿಕೊಂಡಿತು.

“ಎಲ್ಲಕ್ಕೂ ಹೊಸದಾಗಿ ಮೂರು ಕೋಟ್. ಅದೂ ನನ್ನ ಕಣ್ಣೆದುರಿಗೇ,” ಎಂದರು ಅಧಿಕಾರಿ.

ಗುತ್ತಿಗೆದಾರ ಬಿಳುಚಿಕೊಂಡು ಮಾಬುಸಾಬನತ್ತ ತಿರುಗಿದ.

ಬೆಳಿಗ್ಗೆ ಮೊದಲ ಹಲಗೆಯ ಗುರುತು ಅಳಿಸಿ ಬೇರೊಂದಕ್ಕೆ ಹಾಕುವಾಗ ಕೈಗೆ ಮೆತ್ತಿಕೊಂಡಿದ್ದ ಸೀಮೆಸುಣ್ಣವನ್ನು ಮಾಬುಸಾಬ ಮೆಲ್ಲಗೆ ಲುಂಗಿಗೆ ಒರೆಸಿಕೊಂಡ.